ಕೃತಕ ನಕ್ಷತ್ರಕ್ಕೆ ಯಾವ ಲೇಸರ್? ವ್ಯಾಟ್ ಕೇಳುವ ಮೊದಲು ಕೇಳಬೇಕಾದ ಪ್ರಶ್ನೆಗಳು

ಪುಣೆಯ ಗಣೇಶಖಿಂಡದಲ್ಲಿ ಆಯುಕಾ ಇದೆ. ಖಗೋಳ ಮತ್ತು ಖಭೌತ ವಿಜ್ಞಾನದ ಅಂತರ ವಿಶ್ವವಿದ್ಯಾಲಯ ಕೇಂದ್ರಕ್ಕೆ ಇಲ್ಲಿನ ಜನ ಕರೆಯುವ ಹೆಸರು ಅದು. ಫೆಬ್ರವರಿ 28ರ ವಿಜ್ಞಾನ ದಿನದಂದು ಅದು ಸಾರ್ವಜನಿಕರಿಗೆ ಬಾಗಿಲು ತೆರೆದಾಗ ಮರಾಠಿ, ಹಿಂದಿಗಳ ನಡುವೆ ಕನ್ನಡವೂ ಕಿವಿಗೆ ಬೀಳುತ್ತದೆ. ಬೆಳಗಾವಿ, ವಿಜಯಪುರ, ಹುಬ್ಬಳ್ಳಿಯಿಂದ ಇಂಜಿನಿಯರಿಂಗ್ ಓದಲು ಬಂದವರು, ಭೋಸರಿ ಮತ್ತು ಚಾಕಣದ ಕಾರ್ಖಾನೆಗಳಲ್ಲಿ ದುಡಿಯುವವರು ಅಲ್ಲಿ ಸಿಗುತ್ತಾರೆ. ನಾನು ದೃಗ್ವಿಜ್ಞಾನ ಕಲಿಸುವವನೆಂದು ತಿಳಿದೊಡನೆ ಅವರು ವರ್ಷವರ್ಷವೂ ಕೇಳುವ ಪ್ರಶ್ನೆ ಒಂದೇ: ‘ದೊಡ್ಡ ದೂರದರ್ಶಕಗಳಿಂದ ಆಕಾಶಕ್ಕೆ ಲೇಸರ್ ಬಿಡುತ್ತಾರಲ್ಲ, ಅಂಥದ್ದೊಂದನ್ನು ನಮ್ಮ ವಿನ್ಯಾಸದಲ್ಲಿ ಸೇರಿಸಬೇಕಾದರೆ ಎಷ್ಟು ವ್ಯಾಟಿನದು ಬೇಕು?’

ವ್ಯಾಟ್ ಕೊನೆಗೆ ಬರುವ ಲೆಕ್ಕ. ಅದರಿಂದ ಶುರು ಮಾಡಿದವರು ಹಣ ಕಳೆದುಕೊಳ್ಳುತ್ತಾರೆ, ಇಲ್ಲವೇ ಕಾಗದದ ಮೇಲೆ ಮಾತ್ರ ಚೆನ್ನಾಗಿ ಕಾಣುವ ವಿನ್ಯಾಸ ಮಾಡುತ್ತಾರೆ. ಲೇಸರನ್ನು ಆರಿಸುವುದು ಲೇಸರಿನ ಗುಣಪಟ್ಟಿ ಅಲ್ಲ. ನಿಮ್ಮ ದೂರದರ್ಶಕದ ಕನ್ನಡಿ ಮತ್ತು ಅದರ ಮೇಲಿರುವ ಗಾಳಿ ಅದನ್ನು ಆರಿಸುತ್ತವೆ. ಆ ಕ್ರಮದಲ್ಲಿಯೇ ಹೋಗೋಣ.

ಮೊದಲು ಎರಡು ಮಾತಿನಲ್ಲಿ ವಿಷಯ. ದೂರದ ನಕ್ಷತ್ರದ ಬೆಳಕು ನಮ್ಮ ವಾತಾವರಣದ ಅಂಚಿಗೆ ಬರುವಾಗ ಇಸ್ತ್ರಿ ಮಾಡಿದ ಬಟ್ಟೆಯಂತೆ ಸಪಾಟಾಗಿರುತ್ತದೆ. ಬೆಳಕಿನ ಅಲೆಯ ಈ ಹಾಳೆಗೆ ತರಂಗಮುಖ ಎನ್ನುತ್ತಾರೆ. ಬಿಸಿ ಗಾಳಿ, ತಣ್ಣನೆಯ ಗಾಳಿಯ ಪದರಗಳನ್ನು ದಾಟಿ ಬರುವಷ್ಟರಲ್ಲಿ ಅದು ಮುದುಡಿರುತ್ತದೆ. ಬರಿಗಣ್ಣಿಗೆ ನಕ್ಷತ್ರ ಮಿನುಗುವುದೂ ದೂರದರ್ಶಕದಲ್ಲಿ ಅದರ ಚಿತ್ರ ಕದಡುವುದೂ ಇದರಿಂದಲೇ. ಅಡಾಪ್ಟಿವ್ ಆಪ್ಟಿಕ್ಸ್ ಎಂಬ ತಂತ್ರ ಈ ಮುದುಡನ್ನು ಸೆಕೆಂಡಿಗೆ ನೂರಾರು ಸಲ ಅಳೆದು, ಆಕಾರ ಬದಲಿಸಬಲ್ಲ ತೆಳುಗನ್ನಡಿಯಿಂದ ಅಷ್ಟೇ ಸಲ ಸರಿಪಡಿಸುತ್ತದೆ. ಅಳೆಯಲು ನೀವು ನೋಡುತ್ತಿರುವ ಗೆಲಾಕ್ಸಿಯ ಪಕ್ಕದಲ್ಲೇ ಪ್ರಕಾಶಮಾನವಾದ ಒಂದು ನಕ್ಷತ್ರ ಬೇಕು. ಆಕಾಶದ ಹೆಚ್ಚಿನ ಭಾಗದಲ್ಲಿ ಅಂಥದ್ದು ಇರುವುದಿಲ್ಲ, ಆದ್ದರಿಂದ ಬೇಕಾದ ಕಡೆ ಲೇಸರಿನಿಂದ ಒಂದನ್ನು ಹೊತ್ತಿಸುತ್ತಾರೆ. ಈ ಉಪಾಯವನ್ನು 1985ರಲ್ಲಿ ಫ್ರಾನ್ಸಿನ ಫುವಾ ಮತ್ತು ಲಾಬೆಯ್ರಿ ಬಹಿರಂಗವಾಗಿ ಪ್ರಕಟಿಸಿದರು. ಅಮೆರಿಕದ ಸೇನೆಗಾಗಿ ವಿಜ್ಞಾನಿಗಳು ಅದಕ್ಕೂ ಮೊದಲೇ ಗುಟ್ಟಾಗಿ ಇದೇ ಕೆಲಸ ಮಾಡುತ್ತಿದ್ದರೆಂಬುದು 1991ರಲ್ಲಿ ಹೊರಬಂತು.

ಕೈಯಲ್ಲಿ ಇರಬೇಕಾದ ಮಾಹಿತಿ

ಒಂದು ಹಾಳೆಯ ಮೇಲೆ ಇವಿಷ್ಟನ್ನು ಬರೆದಿಟ್ಟುಕೊಳ್ಳಿ: ದೂರದರ್ಶಕದ ಮುಖ್ಯ ಕನ್ನಡಿಯ ವ್ಯಾಸ, ಯಾವ ತರಂಗದೂರದಲ್ಲಿ, ಅಂದರೆ ಯಾವ ಬಣ್ಣದ ಬೆಳಕಿನಲ್ಲಿ ಚಿತ್ರ ತೆಗೆಯುತ್ತೀರಿ, ಆಕಾಶದ ಎಷ್ಟು ಅಗಲದ ತುಂಡು ಸ್ಪಷ್ಟವಾಗಬೇಕು, ನಿಮ್ಮ ಬೆಟ್ಟದ ಮೇಲೆ ಗಾಳಿಯ ಕದಡುವಿಕೆ ಎಷ್ಟು ಎತ್ತರದಲ್ಲಿ ಎಷ್ಟಿದೆ. ಕೊನೆಯದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಒಟ್ಟು ಕದಡುವಿಕೆ ಮಾತ್ರ ತಿಳಿದರೆ ಸಾಲದು. ಅದು ನೆಲದ ಹತ್ತಿರದ ಗಾಳಿಯಲ್ಲಿದೆಯೋ ಹತ್ತು ಕಿಲೋಮೀಟರ್ ಮೇಲಿದೆಯೋ ಎಂಬುದರ ಮೇಲೆ ಮುಂದಿನ ಎಲ್ಲ ತೀರ್ಮಾನ ನಿಂತಿದೆ.

ಇನ್ನೊಂದು ಪದ ತಿಳಿದಿರಲಿ: ಫ್ರೀಡ್ ಅಳತೆ. ಗಾಳಿ ಕದಡಿದ ಬೆಳಕಿನ ಹಾಳೆಯಲ್ಲಿ ಎಷ್ಟು ಅಗಲದ ತುಂಡನ್ನು ಇನ್ನೂ ಸಪಾಟು ಎನ್ನಬಹುದು ಎಂಬುದೇ ಇದು. ನಕ್ಷತ್ರದ ಚಿತ್ರ ಒಂದು ಆರ್ಕ್‌ಸೆಕೆಂಡ್, ಅಂದರೆ ಒಂದು ಡಿಗ್ರಿಯ 3600ನೇ ಒಂದು ಭಾಗದಷ್ಟು ಹರಡಿಕೊಳ್ಳುವ ರಾತ್ರಿ ಹಸಿರು ಬೆಳಕಿನಲ್ಲಿ ಇದು ಸುಮಾರು 10 ಸೆಂಟಿಮೀಟರ್. ಬೆಳಕು ಕೆಂಪಾದಂತೆ, ಕೆಂಪಿನಾಚೆಯ ಕಣ್ಣಿಗೆ ಕಾಣದ ಅವರಕ್ತಕ್ಕೆ ಹೋದಂತೆ ಇದು ದೊಡ್ಡದಾಗುತ್ತದೆ, ಕೆಲಸವೂ ಸುಲಭವಾಗುತ್ತದೆ.

ಹಂತ 1: ಶಂಕುವಿನ ಲೆಕ್ಕ ಹಾಕಿ

ನಿಜವಾದ ನಕ್ಷತ್ರ ಅನಂತ ದೂರದಲ್ಲಿದೆ. ಅದರ ಬೆಳಕು ಕನ್ನಡಿಯಷ್ಟೇ ಅಗಲದ ಕೊಳವೆಯಾಗಿ ಇಳಿಯುತ್ತದೆ. ಕೃತಕ ನಕ್ಷತ್ರ ಹತ್ತಿರದಲ್ಲಿರುವುದರಿಂದ ಅದರ ಬೆಳಕು ಜೋಳದ ರಾಶಿಯ ಆಕಾರದಲ್ಲಿ, ಮೇಲೆ ಚೂಪಾಗಿ ಕೆಳಗೆ ಅಗಲವಾಗಿ ಬರುತ್ತದೆ. ಕೊಳವೆಯ ಒಳಗಿದ್ದು ಶಂಕುವಿನ ಹೊರಗೆ ಉಳಿಯುವ ಗಾಳಿಯನ್ನು ನೀವು ಅಳೆಯಲಾರಿರಿ. ಇದನ್ನು ಶಂಕು ದೋಷ ಎನ್ನೋಣ.

ಲೆಕ್ಕ ಸುಲಭ. ಕೃತಕ ನಕ್ಷತ್ರದ ಎತ್ತರದಿಂದ ಗಾಳಿಯ ಪದರದ ಎತ್ತರವನ್ನು ಭಾಗಿಸಿ, ಒಂದರಿಂದ ಕಳೆದು, ಕನ್ನಡಿಯ ವ್ಯಾಸದಿಂದ ಗುಣಿಸಿ. ಕನ್ನಡಿ 2 ಮೀಟರ್, ಕೃತಕ ನಕ್ಷತ್ರ 10 ಕಿ.ಮೀ. ಎತ್ತರದಲ್ಲಿ, ಕದಡುವ ಪದರ 5 ಕಿ.ಮೀ.ಯಲ್ಲಿ ಎಂದಿಟ್ಟುಕೊಳ್ಳಿ. ಆ ಪದರದಲ್ಲಿ 2 ಮೀಟರ್ ಅಗಲದ ಬದಲು 1 ಮೀಟರ್ ಮಾತ್ರ ಅಳತೆಗೆ ಸಿಗುತ್ತದೆ. ಅದೇ ನಕ್ಷತ್ರವನ್ನು 90 ಕಿ.ಮೀ.ಗೆ ಏರಿಸಿದರೆ 1.9 ಮೀಟರ್ ಸಿಗುತ್ತದೆ.

ಹಾಗಾದರೆ ಯಾವಾಗಲೂ ಎತ್ತರವೇ ಒಳ್ಳೆಯದು ಎಂದುಕೊಳ್ಳಬೇಡಿ. ಕದಡುವಿಕೆಯ ಹೆಚ್ಚಿನ ಪಾಲು ನೆಲದಿಂದ ಒಂದೆರಡು ಕಿಲೋಮೀಟರ್ ಒಳಗೇ ಇದ್ದರೆ ತಗ್ಗಿನ ನಕ್ಷತ್ರವೂ ಸಾಕಾಗುತ್ತದೆ. ವಿಶಾಲವಾದ ಆಕಾಶದ ತುಂಡನ್ನು ಸಾಧಾರಣ ಮಟ್ಟಿಗೆ ಸ್ಪಷ್ಟಗೊಳಿಸುವ ಗುರಿಯಿದ್ದರೆ ತಗ್ಗಿನದೇ ಮೇಲು, ಏಕೆಂದರೆ ಅದು ನೆಲದ ಪದರವನ್ನು ಮಾತ್ರ ಅಳೆಯುತ್ತದೆ. ಆ ಪದರ ಎಲ್ಲ ದಿಕ್ಕಿಗೂ ಸಮಾನವಾದುದು. ಚಿಲಿಯ 4.1 ಮೀಟರಿನ ಸೋರ್ ದೂರದರ್ಶಕ ಇದೇ ಕಾರಣಕ್ಕೆ ತನ್ನ ಅತಿನೇರಳೆ ಲೇಸರನ್ನು ಕೇವಲ 7 ಕಿ.ಮೀ. ಎತ್ತರದಲ್ಲಿ ಕೇಂದ್ರೀಕರಿಸುತ್ತದೆ. ಅರಿಜೋನಾದ ಎರಡು ಕಣ್ಣಿನ ದೊಡ್ಡ ದೂರದರ್ಶಕವೂ ತನ್ನ ಹಸಿರು ಲೇಸರುಗಳನ್ನು 12 ಕಿ.ಮೀ.ಯಲ್ಲಿ ನಿಲ್ಲಿಸಿತು.

ಹಂತ 2: ಗಾಳಿಯ ಅಣುವೋ, ಸೋಡಿಯಂ ಪರಮಾಣುವೋ

ಆಕಾಶದಲ್ಲಿ ಲೇಸರ್ ಬೆಳಕನ್ನು ಹಿಂದಕ್ಕೆ ಕಳಿಸಬಲ್ಲ ಸರಕು ಎರಡೇ.

ಮೊದಲನೆಯದು ಗಾಳಿಯ ಅಣುಗಳು. ಆಕಾಶವನ್ನು ನೀಲಿಯಾಗಿಸುವ ಅದೇ ರೇಲೀ ಚದುರುವಿಕೆಯಿಂದ ಅವು ಬೆಳಕನ್ನು ಎಲ್ಲ ದಿಕ್ಕಿಗೂ ಚೆಲ್ಲುತ್ತವೆ. ಇಲ್ಲಿ ಯಾವ ಲೇಸರಾದರೂ ನಡೆಯುತ್ತದೆ, ನಿಖರವಾದ ಬಣ್ಣ ಬೇಕಿಲ್ಲ. ಆದರೆ 20 ಕಿ.ಮೀ. ಎತ್ತರಕ್ಕೆ ಹೋಗುವಷ್ಟರಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಹತ್ತನೇ ಒಂದು ಭಾಗಕ್ಕಿಂತ ಕೆಳಗಿಳಿಯುತ್ತದೆ. ಅದರ ಮೇಲೆ ಹಿಂದಿರುಗುವ ಬೆಳಕು ಸಾಲುವುದಿಲ್ಲ.

ಎರಡನೆಯದು ಸೋಡಿಯಂ. ಉಲ್ಕೆಗಳು ಉರಿದು ಬಿಟ್ಟುಹೋದ ಸೋಡಿಯಂ ಪರಮಾಣುಗಳ ತೆಳು ಪದರವೊಂದು ಸುಮಾರು 90 ಕಿ.ಮೀ. ಎತ್ತರದಲ್ಲಿ ಭೂಮಿಯನ್ನು ಸುತ್ತಿಕೊಂಡಿದೆ. ಹೆದ್ದಾರಿಯ ಹಳೆಯ ಹಳದಿ ದೀಪಗಳನ್ನು ನೆನಪಿಸಿಕೊಳ್ಳಿ. ಅದೇ 589 ನ್ಯಾನೋಮೀಟರ್ ಬಣ್ಣದ ಲೇಸರ್ ಬಿಟ್ಟರೆ ಆ ಪರಮಾಣುಗಳು ಅದನ್ನು ಹೀರಿ ಮತ್ತೆ ಹೊರಸೂಸುತ್ತವೆ. ನ್ಯಾನೋಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು. ಬಣ್ಣ ಕೂದಲೆಳೆಯಷ್ಟು ತಪ್ಪಿದರೂ ಪದರ ಕತ್ತಲಾಗಿಯೇ ಉಳಿಯುತ್ತದೆ.

ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಕನ್ನಡಿ 2 ಮೀಟರ್ ಆಸುಪಾಸಿನಲ್ಲಿದ್ದರೆ ರೇಲೀ ಲೇಸರನ್ನೇ ಆರಿಸಿ. 8 ಮೀಟರ್ ಮತ್ತು ಅದಕ್ಕಿಂತ ದೊಡ್ಡ ದೂರದರ್ಶಕದಿಂದ ಅತ್ಯಂತ ಚುರುಕಾದ ಚಿತ್ರ ಬೇಕೆಂದರೆ ಸೋಡಿಯಂ ಬಿಟ್ಟು ದಾರಿಯಿಲ್ಲ. ನಡುವಿನ ಅಳತೆಯಲ್ಲಿ, ಉದಾಹರಣೆಗೆ ನೈನಿತಾಲ್ ಬಳಿಯ ದೇವಸ್ಥಲದ 3.6 ಮೀಟರಿನಂಥ ದೂರದರ್ಶಕದಲ್ಲಿ, ಗುರಿ ಏನೆಂಬುದು ತೀರ್ಮಾನಿಸುತ್ತದೆ: ಅಗಲವಾದ ನೋಟವಾದರೆ ರೇಲೀ, ಒಂದೇ ಬಿಂದುವಿನ ಮೇಲೆ ಗರಿಷ್ಠ ಸ್ಪಷ್ಟತೆಯಾದರೆ ಸೋಡಿಯಂ.

ಪುಣೆಯವರಿಗೆ ಇದು ದೂರದ ಮಾತಲ್ಲ. ಪುಣೆಯಿಂದ ಸುಮಾರು 80 ಕಿ.ಮೀ. ದೂರದ ಗಿರವಲಿಯಲ್ಲಿ ಆಯುಕಾದ 2 ಮೀಟರಿನ ದೂರದರ್ಶಕ 2006ರಿಂದ ಇದೆ. ಇದೇ ಆಯುಕಾ ಅಮೆರಿಕದ ಕ್ಯಾಲ್ಟೆಕ್ ಜೊತೆ ಸೇರಿ ರೋಬೋ-ಎಓ ಎಂಬ ವ್ಯವಸ್ಥೆಯನ್ನು ಕಟ್ಟಿತು. ಅದು ಪಾಲೊಮರ್ ಬೆಟ್ಟದ 1.5 ಮೀಟರಿನ ದೂರದರ್ಶಕದ ಮೇಲೆ ಅತಿನೇರಳೆ ರೇಲೀ ಲೇಸರಿನಿಂದ, ಮನುಷ್ಯರ ಕೈಯಿಲ್ಲದೆ ತಾನೇತಾನಾಗಿ ಒಂದರ ಹಿಂದೊಂದು ನಕ್ಷತ್ರವನ್ನು ನೋಡುತ್ತಾ ಹೋಯಿತು. ಚಿಕ್ಕ ದೂರದರ್ಶಕಕ್ಕೆ ತಕ್ಕ ಲೇಸರ್ ಯಾವುದೆಂದು ಯಾರಾದರೂ ಕೇಳಿದರೆ ನಾನು ಮೊದಲು ತೋರಿಸುವುದು ಇದನ್ನೇ.

ಎಚ್ಚರಿಕೆ: ಅಂತರ್ಜಾಲದಲ್ಲಿ ಕಾಣುವ ಹಳದಿ ಕಿರಣದ ಸುಂದರ ಚಿತ್ರಗಳಲ್ಲಿ ಹೆಚ್ಚಿನವು 8–10 ಮೀಟರಿನ ದೂರದರ್ಶಕಗಳವು. ಅದನ್ನು ನೋಡಿ 1 ಮೀಟರಿನ ಕನ್ನಡಿಗೆ ಸೋಡಿಯಂ ಲೇಸರ್ ಬರೆದಿಟ್ಟ ಯೋಜನಾ ವರದಿಗಳನ್ನು ನಾನು ಓದಿದ್ದೇನೆ. ಅಷ್ಟು ಹಣದಲ್ಲಿ ಇಡೀ ದೂರದರ್ಶಕವನ್ನೇ ದೊಡ್ಡದು ಮಾಡಬಹುದಿತ್ತು.

ಹಂತ 3: ರೇಲೀ ದಾರಿಯಾದರೆ ಬಣ್ಣ ಮತ್ತು ಮಿಡಿತ

ಇಲ್ಲಿ ಸಾಮಾನ್ಯವಾಗಿ ಎರಡು ಬಣ್ಣಗಳ ನಡುವೆ ಆಯ್ಕೆ. 532 ನ್ಯಾನೋಮೀಟರಿನ ಹಸಿರು, 355ರ ಅತಿನೇರಳೆ. ಎರಡರ ತಾಯಿಯೂ ಒಂದೇ, 1064 ನ್ಯಾನೋಮೀಟರಿನ ನಿಯೋಡಿಮಿಯಂ ಲೇಸರ್. ವಿಶೇಷ ಹರಳುಗಳ ಮೂಲಕ ಹಾಯಿಸಿ ಅದರ ಆವೃತ್ತಿಯನ್ನು (ಅಲೆ ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಎಂಬುದನ್ನು; ಇದು ಹೆಚ್ಚಿದಷ್ಟು ತರಂಗದೂರ ಕಡಿಮೆ) ಎರಡು ಪಟ್ಟು ಮಾಡಿದರೆ ಹಸಿರು, ಮೂರು ಪಟ್ಟು ಮಾಡಿದರೆ ಅತಿನೇರಳೆ.

ರೇಲೀ ಚದುರುವಿಕೆ ತರಂಗದೂರದ ನಾಲ್ಕನೇ ಘಾತಕ್ಕೆ ವಿಲೋಮವಾಗಿರುವುದರಿಂದ 355ರಲ್ಲಿ ಅಣುಗಳು ಹಸಿರಿಗಿಂತ ಐದು ಪಟ್ಟು ಹೆಚ್ಚು ಬೆಳಕು ಚದುರಿಸುತ್ತವೆ. ಎಲ್ಲ ಕೈಪಿಡಿಗಳಲ್ಲೂ ಈ ಐದು ಪಟ್ಟಿನ ಮಾತಿದೆ, ವಿದ್ಯಾರ್ಥಿಗಳು ಅಲ್ಲಿಗೇ ನಿಲ್ಲುತ್ತಾರೆ. ಅತಿನೇರಳೆಯ ಒಂದೊಂದು ಬೆಳಕಿನ ಕಣವೂ, ಅಂದರೆ ಫೋಟಾನ್ ಕೂಡ, ಒಂದೂವರೆ ಪಟ್ಟು ಹೆಚ್ಚು ಶಕ್ತಿ ತಿನ್ನುತ್ತದೆ. ಆದ್ದರಿಂದ ಒಂದು ವ್ಯಾಟಿಗೆ ಸಿಗುವ ಕಣಗಳ ಲೆಕ್ಕದಲ್ಲಿ ಲಾಭ ಸುಮಾರು ಮೂರೂವರೆ ಪಟ್ಟಿಗೆ ಇಳಿಯುತ್ತದೆ. ಗಾಳಿ ಅತಿನೇರಳೆಯನ್ನು ಹೋಗುವಾಗಲೂ ಬರುವಾಗಲೂ ಹೆಚ್ಚು ನುಂಗುತ್ತದೆ. ನಿಮ್ಮ ಕ್ಯಾಮೆರಾ ಸಂವೇದಕ 355ರಲ್ಲಿ ಮಂದವಾಗಿದ್ದರೆ ಉಳಿದ ಲಾಭವೂ ಕರಗೀತು. ಸಂವೇದಕ ಅತಿನೇರಳೆಗೆ ಚುರುಕಾಗಿದೆಯೇ ಎಂದು ಲೇಸರಿಗಿಂತ ಮೊದಲು ಕೇಳಿ.

ಇಷ್ಟಾದರೂ ನಾನು 355ರ ಪರವಾಗಿಯೇ ಇದ್ದೇನೆ. ಕಾರಣ ಮೂರು. ಕಣ್ಣಿಗೆ ಕಾಣದ ಬೆಳಕು ವಿಮಾನ ಚಾಲಕರ ಕಣ್ಣು ಕೋರೈಸುವುದಿಲ್ಲ. ನೀವು ಚಿತ್ರ ತೆಗೆಯುವ ಗೋಚರ ಬಣ್ಣಗಳಿಂದ ಅದನ್ನು ಸುಲಭವಾಗಿ ಬೇರ್ಪಡಿಸಬಹುದು. ಜೊತೆಗೆ ಇದೇ ಬಗೆಯ ಲೇಸರುಗಳು ಪ್ಲಾಸ್ಟಿಕ್, ಇಲೆಕ್ಟ್ರಾನಿಕ್ ಬಿಡಿಭಾಗಗಳ ಮೇಲೆ ಗುರುತು ಕೊರೆಯಲು ಕಾರ್ಖಾನೆಗಳಲ್ಲಿ ಹಗಲಿರುಳು ನಡೆಯುತ್ತವೆ. ಹಾಗೆ ದುಡಿದು ಪಳಗಿದ ಯಂತ್ರವನ್ನು ನಾನು ಪ್ರಯೋಗಾಲಯದ ಹೊಸ ಆವಿಷ್ಕಾರಕ್ಕಿಂತ ಹೆಚ್ಚು ನಂಬುತ್ತೇನೆ.

ಲೇಸರ್ ಮಿಡಿಯುವಂಥದ್ದೇ ಆಗಿರಬೇಕು, ಸತತವಾಗಿ ಉರಿಯುವುದಲ್ಲ. ಕಿರಣ ಮೇಲೇರುವಾಗ ದಾರಿಯುದ್ದಕ್ಕೂ ಬೆಳಕು ಚದುರುತ್ತದೆ. ನಿಮಗೆ ಬೇಕಾದದ್ದು 10 ಕಿ.ಮೀ. ಎತ್ತರದ ತುಂಡು ಮಾತ್ರ. ಬೆಳಕು ಅಲ್ಲಿಗೆ ಹೋಗಿ ಬರಲು ಸುಮಾರು 67 ಮೈಕ್ರೋಸೆಕೆಂಡ್ ಬೇಕು. ಆ ಕ್ಷಣದಲ್ಲಿ 3 ಮೈಕ್ರೋಸೆಕೆಂಡಿನಷ್ಟು ಕಾಲ ಕ್ಯಾಮೆರಾದ ಮುಂದಿನ ಬಾಗಿಲು ತೆರೆದು ಮುಚ್ಚಿದರೆ ಸುಮಾರು 500 ಮೀಟರ್ ದಪ್ಪದ ಗಾಳಿಯ ಬೆಳಕಷ್ಟೇ ಒಳಗೆ ಬರುತ್ತದೆ. ಈ ಬಾಗಿಲಿಗೆ ಪೊಕೆಲ್ಸ್ ಕೋಶ ಎನ್ನುತ್ತಾರೆ: ವಿದ್ಯುತ್ ಕೊಟ್ಟೊಡನೆ ಬೆಳಕಿನ ಧ್ರುವೀಕರಣವನ್ನು, ಅಂದರೆ ಅಲೆ ಕಂಪಿಸುವ ದಿಕ್ಕನ್ನು ತಿರುಗಿಸುವ ಹರಳು. ಸೆಕೆಂಡಿಗೆ 10,000 ಮಿಡಿತ ಅನುಕೂಲಕರ. ಹಿಂದಿನ ಮಿಡಿತ ಮರಳಿ ಬಂದ ಮೇಲೆಯೇ ಮುಂದಿನದು ಹೊರಡುತ್ತದೆ.

ಎಚ್ಚರಿಕೆ: 355 ನ್ಯಾನೋಮೀಟರ್ ಬೆಳಕು ತನ್ನದೇ ಹರಳನ್ನು ನಿಧಾನವಾಗಿ ಸುಡುತ್ತದೆ, ಕಿರಣದ ದಾರಿಯಲ್ಲಿರುವ ಧೂಳು ಮತ್ತು ಎಣ್ಣೆಯ ಆವಿಯನ್ನು ಕನ್ನಡಿಗಳ ಮೇಲೆ ಬೇಯಿಸಿ ಅಂಟಿಸುತ್ತದೆ. ಹರಳನ್ನು ಪಕ್ಕಕ್ಕೆ ಸರಿಸಿ ಹೊಸ ಜಾಗ ಬಳಸುವ ಸೌಲಭ್ಯವಿದೆಯೇ, ಅಂಥ ಜಾಗಗಳು ಎಷ್ಟಿವೆ ಎಂದು ಖರೀದಿಗೆ ಮುನ್ನ ಲಿಖಿತವಾಗಿ ಪಡೆಯಿರಿ.

ಹಂತ 4: ಸೋಡಿಯಂ ದಾರಿಯಾದರೆ ಯಾವ ಮನೆತನ

589 ನ್ಯಾನೋಮೀಟರ್ ಬಣ್ಣವನ್ನು ನೇರವಾಗಿ ಕೊಡುವ ಗಟ್ಟಿಮುಟ್ಟಾದ ಲೇಸರ್ ಬಹುಕಾಲ ಸಿಗಲಿಲ್ಲ. ಈ ಒಂದು ಬಣ್ಣಕ್ಕಾಗಿ ಮೂರು ಬೇರೆಬೇರೆ ದಾರಿಗಳು ಬೆಳೆದು ಬಂದದ್ದು ಅದರಿಂದಲೇ.

ಮೊದಲು ಬಂದದ್ದು ಡೈ ಲೇಸರ್. ರೋಡಮೈನ್‌ನಂಥ ಬಣ್ಣವನ್ನು ಆಲ್ಕೋಹಾಲಿನಂಥ ದ್ರವದಲ್ಲಿ ಕರಗಿಸಿ, ಅದಕ್ಕೆ ಹಸಿರು ಲೇಸರ್ ಹಾಯಿಸಿ ಹಳದಿ ಪಡೆಯುತ್ತಾರೆ. 1990ರ ದಶಕದಲ್ಲಿ ಲಿಕ್ ವೀಕ್ಷಣಾಲಯ, 2001ರಲ್ಲಿ ಹವಾಯಿಯ ಕೆಕ್, 2006ರಲ್ಲಿ ಚಿಲಿಯ ನಾಲ್ಕು ದೊಡ್ಡ ದೂರದರ್ಶಕಗಳ ಸಮೂಹವಾದ ವಿಎಲ್‌ಟಿ ಇದರಿಂದಲೇ ಕೃತಕ ನಕ್ಷತ್ರ ಹೊತ್ತಿಸಿದವು. ವಿಜ್ಞಾನಕ್ಕೆ ಅವು ಮಾಡಿಕೊಟ್ಟ ಉಪಕಾರ ದೊಡ್ಡದು. ಆದರೆ ಬೆಂಕಿ ಹೊತ್ತುವ ದ್ರವ, ಪಂಪುಗಳು, ಹತ್ತಾರು ಕಿಲೋವ್ಯಾಟ್ ವಿದ್ಯುತ್, ಪ್ರತಿ ರಾತ್ರಿ ಪರಿಣತರ ಕಾವಲು. ಇಂದು ಹೊಸ ಯೋಜನೆಗೆ ಇದನ್ನು ಆರಿಸಬೇಡಿ.

ಎರಡನೆಯದು ಆವೃತ್ತಿ ಕೂಡಿಸುವ ಘನ ಲೇಸರ್. 1064 ಮತ್ತು 1319 ನ್ಯಾನೋಮೀಟರಿನ ಎರಡು ಕಿರಣಗಳನ್ನು ಹರಳಿನಲ್ಲಿ ಬೆರೆಸಿದರೆ ಆವೃತ್ತಿಗಳು ಕೂಡಿ ಸರಿಯಾಗಿ 589 ಹುಟ್ಟುತ್ತದೆ. ಪ್ರಕೃತಿ ನಮಗಾಗಿಯೇ ಹೊಂದಿಸಿಟ್ಟಂಥ ಈ ಕೂಡುವಿಕೆ ನನಗೆ ಇವತ್ತಿಗೂ ಬೆರಗು. ಹವಾಯಿ ಮತ್ತು ಚಿಲಿಯಲ್ಲಿರುವ ಜೆಮಿನಿಯ ಎರಡೂ ದೂರದರ್ಶಕಗಳು ಇದನ್ನು ಬಳಸಿದವು. ದಕ್ಷಿಣದ ಜೆಮಿನಿಯಲ್ಲಿ 50 ವ್ಯಾಟಿನ ಒಂದೇ ಲೇಸರನ್ನು ಐದಾಗಿ ಸೀಳಿ 2011ರಲ್ಲಿ ಐದು ನಕ್ಷತ್ರ ಮಾಡಿದರು. ಎರಡು ಲೇಸರುಗಳನ್ನು ಒಂದರ ಹೆಜ್ಜೆಗೆ ಇನ್ನೊಂದು ಕೂಡಿಸುವ ಕೆಲಸ ಬಹಳ ಸೂಕ್ಷ್ಮ. ತಾಪಮಾನ ಬದಲಾದರೆ ಹೊಂದಿಕೆ ಕದಲುತ್ತದೆ.

ಮೂರನೆಯದು ರಾಮನ್ ಫೈಬರ್ ಲೇಸರ್. ನಮ್ಮ ಸಿ.ವಿ. ರಾಮನ್ 1928ರ ಫೆಬ್ರವರಿ 28ರಂದು ಕಂಡುಹಿಡಿದ ಪರಿಣಾಮದಿಂದಲೇ, ಅಂದರೆ ವಸ್ತುವಿನ ಅಣುಗಳಿಗೆ ತಾಗಿದ ಬೆಳಕಿನ ಬಣ್ಣ ಸ್ವಲ್ಪ ಸರಿಯುವುದರಿಂದಲೇ ಇದು ನಡೆಯುತ್ತದೆ, ವಿಜ್ಞಾನ ದಿನದ ಮೂಲವೂ ಅದೇ. ಕೂದಲಿನಂಥ ಗಾಜಿನ ಎಳೆಯೊಳಗೆ ರಾಮನ್ ಪರಿಣಾಮದಿಂದ 1178 ನ್ಯಾನೋಮೀಟರಿನ ಬೆಳಕನ್ನು ಬಲಪಡಿಸಿ, ಹರಳಿನಲ್ಲಿ ಅದರ ಆವೃತ್ತಿ ಎರಡು ಪಟ್ಟು ಮಾಡಿದರೆ 589. ವಿಎಲ್‌ಟಿಯ ನಾಲ್ಕನೇ ದೂರದರ್ಶಕ 2016ರಲ್ಲಿ ಇಂಥ ನಾಲ್ಕು ಲೇಸರುಗಳನ್ನು, ತಲಾ 22 ವ್ಯಾಟ್, ಒಟ್ಟಿಗೆ ಹೊತ್ತಿಸಿತು. ಕೆಕ್, ಜೆಮಿನಿಗಳೂ ತಮ್ಮ ಹಳೆಯ ಲೇಸರುಗಳ ಜಾಗಕ್ಕೆ ಇದನ್ನೇ ತಂದವು. ಇಂದು ಸೋಡಿಯಂ ಬೇಕೆನ್ನುವವರಿಗೆ ನನ್ನ ಸಲಹೆ ಇದೇ: ಡಬ್ಬಿಯಂತೆ ತಂದು ದೂರದರ್ಶಕಕ್ಕೆ ಬಿಗಿಯಬಹುದು, ದೂರದರ್ಶಕ ವಾಲಿದಾಗಲೂ ನಡೆಯುತ್ತದೆ, ಸತತ ಕಿರಣ ಕೊಡುತ್ತದೆ.

ಸತತ ಎಂಬುದು ಇಲ್ಲಿ ಮುಖ್ಯ. ಬೆಳಕು ಹೀರಿದ ಸೋಡಿಯಂ ಪರಮಾಣು ಸುಮಾರು 16 ನ್ಯಾನೋಸೆಕೆಂಡ್ ಆದ ಮೇಲೆಯೇ ಅದನ್ನು ಬಿಡುತ್ತದೆ. ಅಲ್ಪಾವಧಿಯ ಪ್ರಚಂಡ ಮಿಡಿತ ಬಿಟ್ಟರೆ ಎಲ್ಲ ಪರಮಾಣುಗಳೂ ಒಮ್ಮೆಲೇ ಹೊಟ್ಟೆ ತುಂಬಿಸಿಕೊಂಡು ಉಳಿದ ಬೆಳಕನ್ನು ಬಿಟ್ಟುಬಿಡುತ್ತವೆ. ಸರಾಸರಿ ವ್ಯಾಟ್ ಒಂದೇ ಇದ್ದರೂ ಹಿಂದಿರುಗುವ ಬೆಳಕು ಕಡಿಮೆ.

ಪೂರೈಕೆದಾರರಿಗೆ ಇನ್ನೂ ಎರಡು ಪ್ರಶ್ನೆ ಕೇಳಿ. ಮೊದಲನೆಯದು, ಮರುಪಂಪು ಇದೆಯೇ? ಸೋಡಿಯಂ ಪರಮಾಣುವಿನ ಶಕ್ತಿಯ ಕೆಳಮಟ್ಟದಲ್ಲಿ ಹತ್ತಿರಹತ್ತಿರದ ಎರಡು ಮೆಟ್ಟಿಲುಗಳಿವೆ. ಒಂದರಿಂದ ಎತ್ತಿದ ಪರಮಾಣು ಇನ್ನೊಂದಕ್ಕೆ ಜಾರಿದರೆ ನಿಮ್ಮ ಲೇಸರಿಗೆ ಅದು ಕಾಣುವುದೇ ಇಲ್ಲ. ಶಕ್ತಿಯ ಸುಮಾರು ಹತ್ತನೇ ಒಂದು ಭಾಗವನ್ನು 1.7 ಗಿಗಾಹರ್ಟ್ಸ್ ಸರಿಸಿದ ಬಣ್ಣದಲ್ಲಿ ಬಿಟ್ಟರೆ ಜಾರಿದವು ಮತ್ತೆ ಮೇಲೆ ಬರುತ್ತವೆ. ಎರಡನೆಯದು, ವೃತ್ತಾಕಾರದ ಧ್ರುವೀಕರಣ ಸಿಗುತ್ತದೆಯೇ? ಅದು ಪರಮಾಣುಗಳನ್ನು ಒಂದೇ ದಿಕ್ಕಿಗೆ ಸಾಲಾಗಿಸಿ ನಮ್ಮ ಕಡೆಗೆ ಹೆಚ್ಚು ಬೆಳಕು ಮರಳಿಸುವಂತೆ ಮಾಡುತ್ತದೆ.

ಎಚ್ಚರಿಕೆ: ಚಿಲಿಯ ಅಂಕಿಅಂಶವನ್ನು ಭಾರತಕ್ಕೆ ನಕಲು ಮಾಡಬೇಡಿ. ಭೂಮಿಯ ಕಾಂತಕ್ಷೇತ್ರ ಈ ಪರಮಾಣುಗಳ ಸಾಲನ್ನು ಕೆಡಿಸುತ್ತದೆ. ವಿಎಲ್‌ಟಿ ಇರುವ ಪರನಾಲಿನಲ್ಲಿ ಆ ಕ್ಷೇತ್ರ ನಮ್ಮಲ್ಲಿರುವುದರ ಸುಮಾರು ಅರ್ಧದಷ್ಟು ಮಾತ್ರ. ಅಲ್ಲಿ ಒಂದು ವ್ಯಾಟಿಗೆ ಸಿಗುವ ಬೆಳಕು ಇಲ್ಲಿ ಸಿಗುತ್ತದೆಂದು ಭಾವಿಸಿದರೆ ಲೆಕ್ಕ ತಪ್ಪುತ್ತದೆ. ಸೋಡಿಯಂ ಪದರವೂ ಋತುವಿನಿಂದ ಋತುವಿಗೆ, ರಾತ್ರಿಯಿಂದ ರಾತ್ರಿಗೆ ಬದಲಾಗುತ್ತದೆ. ತಿರುಪತಿ ಬಳಿಯ ಗಾದಂಕಿಯ ವಾತಾವರಣ ಸಂಶೋಧನಾಲಯ ಲೇಸರಿನಿಂದ ಈ ಪದರವನ್ನು ಅಳೆದಿದೆ, ನಮ್ಮ ಅಕ್ಷಾಂಶದ ಅಂದಾಜಿಗೆ ಆ ಪ್ರಬಂಧಗಳನ್ನು ಓದಿ.

ಹಂತ 5: ಈಗ ವ್ಯಾಟ್

ಈ ಲೆಕ್ಕವನ್ನು ನೀವೇ ಮಾಡಿ, ಮಾರುವವರಿಂದ ಮಾಡಿಸಬೇಡಿ. ಒಂದು ಉದಾಹರಣೆ ಕೊಡುತ್ತೇನೆ. 355 ನ್ಯಾನೋಮೀಟರಿನಲ್ಲಿ 10 ವ್ಯಾಟ್ ಎಂದರೆ ಸೆಕೆಂಡಿಗೆ ಸುಮಾರು 1.8 ಗುಣಿಸು 10ರ 19ನೇ ಘಾತದಷ್ಟು ಫೋಟಾನುಗಳು. 10 ಕಿ.ಮೀ. ಎತ್ತರದಲ್ಲಿ 500 ಮೀಟರ್ ದಪ್ಪದ ಗಾಳಿ ಚದುರಿಸಿ, ನಷ್ಟ ಕಳೆಯುವ ಮೊದಲು ನೆಲದ ಪ್ರತಿ ಚದರ ಮೀಟರಿಗೆ ಸೆಕೆಂಡಿಗೆ ಮರಳಿಸುವುದು ನನ್ನ ಅಂದಾಜಿನಲ್ಲಿ 20 ಕೋಟಿಗಿಂತ ಸ್ವಲ್ಪ ಹೆಚ್ಚು. ಗಾಳಿ, ಕನ್ನಡಿಗಳು, ಬಾಗಿಲು, ಸಂವೇದಕ ಎಲ್ಲ ತಮ್ಮ ಪಾಲು ತಿಂದ ಮೇಲೆ ಹತ್ತರಲ್ಲಿ ಒಂದು ಉಳಿಯಿತೆನ್ನಿ: 2 ಕೋಟಿ. ಫ್ರೀಡ್ ಅಳತೆಯಂತೆ ಕನ್ನಡಿಯನ್ನು 10 ಸೆಂಟಿಮೀಟರಿನ ಚೌಕಗಳಾಗಿ ಹಂಚಿ, ಸೆಕೆಂಡಿಗೆ ಸಾವಿರ ಸಲ ಅಳೆದರೆ ಪ್ರತಿ ಚೌಕಕ್ಕೆ ಪ್ರತಿ ಸಲ ಸುಮಾರು 200 ಫೋಟಾನು.

ಅಷ್ಟು ಸಾಕು. 2 ಮೀಟರಿನ ದೂರದರ್ಶಕಕ್ಕೆ 40 ವ್ಯಾಟ್ ಕೊಂಡರೆ ಬಿಸಿಯನ್ನು ಮಾತ್ರ ಕೊಂಡಂತೆ. ಆದರೆ ಲೇಸರ್ ಹಳೆಯದಾದಂತೆ ಮಂಕಾಗುತ್ತದೆ, ಧೂಳಿನ ರಾತ್ರಿಗಳಿರುತ್ತವೆ. ಅದಕ್ಕಾಗಿ ಮೂರನೇ ಒಂದು ಭಾಗದಷ್ಟು ಮಿಗತೆ ಇಟ್ಟುಕೊಳ್ಳಿ.

ಹಂತ 6: ಕಿರಣ ಬಿಡುವ ಜಾಗ, ಮತ್ತು ಒಂದು ನಿಜವಾದ ನಕ್ಷತ್ರ

ಲೇಸರಿನ ವ್ಯಾಟ್ ಎಷ್ಟೇ ಇರಲಿ, ಆಕಾಶದಲ್ಲಿ ಅದು ಮೂಡಿಸುವ ಚುಕ್ಕೆ ದೊಡ್ಡದಾದರೆ ಅಳತೆ ಹಾಳು. ಒಂದು ಆರ್ಕ್‌ಸೆಕೆಂಡಿನ ಚುಕ್ಕೆ 10 ಕಿ.ಮೀ. ಎತ್ತರದಲ್ಲಿ ಸುಮಾರು 5 ಸೆಂಟಿಮೀಟರ್, 90 ಕಿ.ಮೀ.ಯಲ್ಲಿ ಸುಮಾರು 44 ಸೆಂಟಿಮೀಟರ್ ಅಗಲ. ಅಷ್ಟು ಚಿಕ್ಕದಾಗಿ ಕೇಂದ್ರೀಕರಿಸಲು ಕಿರಣವನ್ನು ಮೊದಲು ಅಗಲಿಸಿ ಬಿಡಬೇಕು. ವಿಎಲ್‌ಟಿಯಲ್ಲಿ 30 ಸೆಂಟಿಮೀಟರಿಗೆ ಅಗಲಿಸುತ್ತಾರೆ. ವ್ಯಾಟ್ ಸ್ವಲ್ಪ ಕಡಿಮೆಯಿದ್ದು ಕಿರಣ ಶುದ್ಧವಾಗಿರುವ ಲೇಸರ್, ವ್ಯಾಟ್ ಹೆಚ್ಚಿದ್ದು ಕಿರಣ ಹರಕುಹರಕಾಗಿರುವುದಕ್ಕಿಂತ ಮೇಲು.

ದೊಡ್ಡ ಕನ್ನಡಿಗೆ ಇನ್ನೊಂದು ಕಷ್ಟ. ಸೋಡಿಯಂ ಪದರ ಸುಮಾರು 10 ಕಿ.ಮೀ. ದಪ್ಪ. 30 ಮೀಟರಿನ ಕನ್ನಡಿಯ ನಡುವಿನಿಂದ ಲೇಸರ್ ಬಿಟ್ಟರೆ ಅಂಚಿನಿಂದ ನೋಡುವವರಿಗೆ ಚುಕ್ಕೆ ಚುಕ್ಕೆಯಾಗಿ ಉಳಿಯದೆ ಸುಮಾರು 4 ಆರ್ಕ್‌ಸೆಕೆಂಡ್ ಉದ್ದದ ಗೆರೆಯಾಗುತ್ತದೆ. ಭಾರತವೂ ಪಾಲುದಾರನಾಗಿರುವ ಮೂವತ್ತು ಮೀಟರ್ ದೂರದರ್ಶಕದ ವಿನ್ಯಾಸಕಾರರು ಇದರೊಡನೆ ಸೆಣಸಬೇಕಾಗಿದೆ. ಶಂಕು ದೋಷವನ್ನು ತುಂಬಲು ಅಲ್ಲಿ ಆರು ಕೃತಕ ನಕ್ಷತ್ರಗಳ ಯೋಜನೆಯಿದೆ. ನಿಮ್ಮದು 2 ಮೀಟರ್ ಆದರೆ ಈ ಚಿಂತೆ ಬೇಡ.

ಚಿಕ್ಕದಕ್ಕೂ ದೊಡ್ಡದಕ್ಕೂ ತಪ್ಪದ ಒಂದು ಮಿತಿ ಇದೆ, ಅದನ್ನು ಕೇಳಿ ಎಷ್ಟೋ ಜನ ಬೇಸರಗೊಳ್ಳುತ್ತಾರೆ. ಲೇಸರ್ ಕಿರಣ ಹೋಗುವಾಗ ಗಾಳಿಯಿಂದ ಎಷ್ಟು ವಾಲುತ್ತದೋ ಬರುವಾಗ ಅಷ್ಟೇ ಮರುವಾಲುತ್ತದೆ. ಇಡೀ ಚಿತ್ರ ಅತ್ತಿತ್ತ ತೂಗುವುದನ್ನು ಕೃತಕ ನಕ್ಷತ್ರ ತಿಳಿಸಲಾರದು. ಅದಕ್ಕೆ ಹತ್ತಿರದಲ್ಲಿ ಒಂದು ನಿಜವಾದ ನಕ್ಷತ್ರ ಬೇಕೇ ಬೇಕು. ಸಮಾಧಾನವೆಂದರೆ ಅದು ತೀರ ಮಂದವಾಗಿದ್ದರೂ ಸಾಕು. ಕೆಕ್‌ನಂಥ ದೊಡ್ಡ ದೂರದರ್ಶಕ ಸುಮಾರು 18ನೇ ಕಾಂತಿಮಾನದ (ಈ ಅಂಕಿ ಹೆಚ್ಚಿದಷ್ಟು ನಕ್ಷತ್ರ ಮಂದ) ನಕ್ಷತ್ರದಿಂದಲೂ ಈ ಕೆಲಸ ನಡೆಸುತ್ತದೆ.

ಹಂತ 7: ಆಕಾಶದ ಅನುಮತಿ

ಇದನ್ನು ಯೋಜನೆಯ ಕೊನೆಗೆ ತಳ್ಳಬೇಡಿ. ಲೇಸರ್ ಬರುವ ಒಂದು ವರ್ಷ ಮೊದಲೇ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದೊಡನೆ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರದೊಡನೆ ಪತ್ರವ್ಯವಹಾರ ತೆರೆಯಿರಿ. ಪುಣೆಯ ಲೋಹಗಾಂವ್ ನಿಲ್ದಾಣ ವಾಯುಪಡೆಯದು, ಆದ್ದರಿಂದ ಈ ಸುತ್ತಿನಲ್ಲಿ ಅವರನ್ನೂ ಕೇಳಬೇಕು. ಕಾಣದ ಅತಿನೇರಳೆಯಾದರೆ ಚಾಲಕರ ಕಣ್ಣು ಕೋರೈಸುವ ಭಯವಿಲ್ಲ. ಅಮೆರಿಕದಲ್ಲಿ ರೋಬೋ-ಎಓಗೆ ಆಕಾಶ ಕಾಯುವ ಮನುಷ್ಯರನ್ನು ನಿಲ್ಲಿಸಬೇಕಾಗಿರಲಿಲ್ಲ. ಆದರೂ ಉಪಗ್ರಹಗಳ ಸಂವೇದಕಗಳಿಗೆ ಹಾನಿಯಾಗದಂತೆ ಅದು ಗುರಿಗಳ ಪಟ್ಟಿಯನ್ನು ಮೊದಲೇ ಒಪ್ಪಿಸಿ ಅನುಮತಿ ಪಡೆಯುತ್ತಿತ್ತು.

ನೆರೆಯ ದೂರದರ್ಶಕಗಳಿದ್ದರೆ ಅವರನ್ನೂ ಕೇಳಿ. ನಿಮ್ಮ ಕಿರಣ ಅವರ ನೋಟವನ್ನು ಅಡ್ಡ ಹಾಯ್ದರೆ ಅವರ ರಾತ್ರಿ ಹಾಳು. ನಿಮ್ಮದೇ ಉಪಕರಣವೂ ಸುರಕ್ಷಿತವಲ್ಲ: ವಿಎಲ್‌ಟಿಯ ವರ್ಣಪಟಲ ಯಂತ್ರವೊಂದು 589ರ ಲೇಸರನ್ನು ಸೋಸಿ ತೆಗೆದ ಮೇಲೂ ಗಾಳಿಯ ಸಾರಜನಕ ಮತ್ತು ಆಮ್ಲಜನಕ ರಾಮನ್ ಪರಿಣಾಮದಿಂದ ಬೇರೆ ಬಣ್ಣಕ್ಕೆ ಸರಿಸಿದ ಗೆರೆಗಳನ್ನು ಕಂಡಿತು.

ಎಚ್ಚರಿಕೆ: ಇವೆಲ್ಲ ಕಣ್ಣನ್ನು ಕ್ಷಣದಲ್ಲಿ ಕುರುಡಾಗಿಸುವ ನಾಲ್ಕನೇ ವರ್ಗದ ಲೇಸರುಗಳು. ಗೋಡೆಯಿಂದ ಚದುರಿ ಬಂದ ಬೆಳಕೂ ಅಪಾಯ. ಕಾಣದ 355 ಇನ್ನೂ ಅಪಾಯಕಾರಿ, ಏಕೆಂದರೆ ರೆಪ್ಪೆ ತಾನಾಗಿ ಮುಚ್ಚುವುದಿಲ್ಲ. ಆ ತರಂಗದೂರಕ್ಕೆಂದೇ ಮಾಡಿದ ಕನ್ನಡಕವಿಲ್ಲದೆ ಯಾರೂ ಕೋಣೆಗೆ ಕಾಲಿಡಬಾರದು. ಮನೆಯ ಮಾಳಿಗೆಯಿಂದ ಲೇಸರನ್ನು ಆಕಾಶಕ್ಕೆ ತೋರಿಸುವ ಪ್ರಯೋಗವನ್ನು ಯಾವ ಕಾರಣಕ್ಕೂ ಮಾಡಬೇಡಿ.

ಹಂತ 8: ಸಹ್ಯಾದ್ರಿಯ ಹವೆಯಲ್ಲಿ ಪರೀಕ್ಷೆ

ಪೂರೈಕೆದಾರರ ಪಟ್ಟಿಯಲ್ಲಿರುವ ಅಂಕಿಗಳು ತಣ್ಣನೆಯ, ಒಣ, ಧೂಳಿಲ್ಲದ ಕೋಣೆಯವು. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಕಾಶ ಮುಚ್ಚಿರುತ್ತದೆ. ವೀಕ್ಷಣೆಯಿಲ್ಲದ ಈ ತಿಂಗಳುಗಳೇ ಲೇಸರನ್ನು ಹೆಚ್ಚು ಕೊಲ್ಲುತ್ತವೆ. ಹಿಂದೆ ನಾನಿದ್ದ ಒಂದು ಪ್ರಯೋಗಾಲಯದಲ್ಲಿ ಜುಲೈ ತಿಂಗಳಲ್ಲಿ ತಂಪು ನೀರಿನ ಯಂತ್ರವನ್ನು 18 ಡಿಗ್ರಿಗೆ ಇಟ್ಟು ಊಟಕ್ಕೆ ಹೋದೆವು. ಮರಳಿ ಬರುವಷ್ಟರಲ್ಲಿ ಲೇಸರಿನ ಕಿಟಕಿಗಾಜಿನ ಮೇಲೆ ಇಬ್ಬನಿ ಕೂತಿತ್ತು. ಗಾಳಿಯ ತೇವ ಯಾವ ತಾಪಮಾನದಲ್ಲಿ ಹನಿಯಾಗುತ್ತದೋ ಅದಕ್ಕಿಂತ ಕೆಳಗೆ ತಂಪು ನೀರು ಇಳಿಯಬಾರದು. ಮಳೆಗಾಲದ ಪುಣೆಯಲ್ಲಿ ಆ ಗಡಿ 20 ಡಿಗ್ರಿಯನ್ನೂ ಮೀರುತ್ತದೆ. ಒಣಗಿಸಿದ ಗಾಳಿಯನ್ನು ಲೇಸರ್ ಪೆಟ್ಟಿಗೆಯೊಳಗೆ ವರ್ಷವಿಡೀ ಹರಿಸುವ ಏರ್ಪಾಡು ಇರಲಿ. ಲೇಸರಿನ ಬಿಸಿಯನ್ನು ಕೊಳವೆಯಲ್ಲಿ ದೂರಕ್ಕೆ ಒಯ್ದು ಬಿಡಿ. ಗುಮ್ಮಟದೊಳಗೆ ಬಿಟ್ಟರೆ ಸರಿಪಡಿಸಬೇಕೆಂದು ಹೊರಟ ಕದಡುವಿಕೆಯನ್ನು ನೀವೇ ಹುಟ್ಟಿಸಿದಂತೆ.

ಬೆಟ್ಟಕ್ಕೆ ಒಯ್ಯುವ ಮೊದಲು ಹತ್ತು ರಾತ್ರಿ, ದಿನಕ್ಕೆ ಎಂಟು ಗಂಟೆ ಸತತವಾಗಿ ನಡೆಸಿ. ಕಾಲು ಗಂಟೆಗೊಮ್ಮೆ ಶಕ್ತಿ, ಚುಕ್ಕೆಯ ಅಳತೆ, ಕೋಣೆಯ ತಾಪ ಮತ್ತು ತೇವವನ್ನು ಪುಸ್ತಕದಲ್ಲಿ ಬರೆಯಿರಿ. ಸೋಡಿಯಂ ಲೇಸರಾದರೆ ತರಂಗದೂರವನ್ನೂ ಬರೆಯಿರಿ. ನಡುವೆ ಮೂರು ಸಲ ಮುನ್ಸೂಚನೆ ಕೊಡದೆ ವಿದ್ಯುತ್ ತೆಗೆದು, ಮತ್ತೆ ಪೂರ್ಣ ಶಕ್ತಿಗೆ ಬರಲು ಎಷ್ಟು ನಿಮಿಷ ಬೇಕೆಂದು ನೋಡಿ. ಆ ಮರುಚಾಲನೆಯನ್ನು ಪೂರೈಕೆದಾರರ ಇಂಜಿನಿಯರ್ ಮಾಡಬಾರದು, ಬೆಟ್ಟದ ಮೇಲೆ ರಾತ್ರಿ ಎರಡು ಗಂಟೆಗೆ ಒಬ್ಬರೇ ಇರುವ ನಿಮ್ಮ ಸಿಬ್ಬಂದಿ ಮಾಡಬೇಕು. ಹತ್ತು ರಾತ್ರಿಗಳ ಆ ಪುಟಗಳು ಕೈಯಲ್ಲಿದ್ದಾಗ ಮಾತ್ರ ಕೊನೆಯ ಕಂತಿನ ಪಾವತಿಗೆ ಸಹಿ ಹಾಕಿ.